ಹಿಮನದಿ 'ಹಿಂದೆ ಸರಿಯುವುದು' ಅಂದರೆ ಮಂಜುಗಡ್ಡೆ ಗುಡ್ಡ ಹತ್ತುತ್ತದಾ?

ಪ್ರಶ್ನೆ (ಬದಿಯಡ್ಕ): ಗಂಗೋತ್ರಿ ಹಿಮನದಿ ಹಿಂದೆ ಸರಿಯುತ್ತಿದೆ ಅಂತ ಪಾಠ ಮಾಡಿದರೆ ಮಕ್ಕಳು ಕೇಳುವುದು ಇದನ್ನೇ. ಹೇಗೆ ವಿವರಿಸಲಿ?

ಉತ್ತರ (ಕುಂಬಳೆ): ಇಲ್ಲ ಮಾಷ್ಟ್ರೇ, ಗಡ್ಡೆ ಯಾವಾಗಲೂ ಇಳಿಜಾರಿಗೇ ಹರಿಯುತ್ತದೆ. ಗಂಗೋತ್ರಿ ಹಿಮನದಿಯ ಕೆಳತುದಿಯಾದ ಗೋಮುಖದಲ್ಲಿ ಮೇಲಿಂದ ಬಂದು ಸೇರುವುದಕ್ಕಿಂತ ಕರಗುವುದು ಹೆಚ್ಚಾದರೆ ತುದಿ ಮಾತ್ರ ಮೇಲಕ್ಕೆ ಹೋಗುತ್ತದೆ. ಹುಟ್ಟಿನಿಂದ ಶುರು ಮಾಡಿ: ಆಗಷ್ಟೇ ಬಿದ್ದ ಹಿಮ ಘನ ಮೀಟರಿಗೆ ಸುಮಾರು 50–100 ಕೆ.ಜಿ. ವರ್ಷ ವರ್ಷವೂ ಮೇಲೆ ಹೊಸ ಪದರ ಕೂತು ಒತ್ತುತ್ತಾ 830 ಕೆ.ಜಿ. ಆಸುಪಾಸಿಗೆ ಬಂದಾಗ ಹರಳುಗಳ ನಡುವಿನ ಗಾಳಿದಾರಿ ಮುಚ್ಚಿ, ಗಾಳಿ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಆಮೇಲೆಯೇ ಅದು ಹಿಮನದಿಯ ಗಡ್ಡೆ.

ಉತ್ತರ (ಮಂಜೇಶ್ವರ): ಚಲನೆ ಎರಡು ಬಗೆ. ತನ್ನ ಭಾರಕ್ಕೆ ಗಡ್ಡೆಯೇ ಒಳಗೊಳಗೆ ಬಾಗಿ ಹರಿಯುವುದು ಒಂದು. ತಳದಲ್ಲಿ ನೀರಿದ್ದರೆ ಬಂಡೆಯ ಮೇಲೆ ಜಾರುವುದು ಇನ್ನೊಂದು. ಮೇಲಿನ ಪದರ ಬಾಗದೆ ಒಡೆಯುತ್ತದೆ, ಬಿರುಕು ಕಾಣುವುದು ಅಲ್ಲೇ.

ತುದಿಯನ್ನಷ್ಟೇ ನೋಡಿ ಲೆಕ್ಕ ಹಾಕಬೇಡಿ, ದಯವಿಟ್ಟು. ತುದಿ ನಿಂತಲ್ಲೇ ಇದ್ದರೂ ಗಡ್ಡೆ ತೆಳುವಾಗುತ್ತಿರಬಹುದು. ಅದಕ್ಕೇ ಗಡ್ಡೆಗೆ ಆಳವಾಗಿ ಕೊರೆದು ಬಿದಿರ ಗಳು ಇಳಿಸುತ್ತಾರೆ. ಸುತ್ತಲಿನ ಗಡ್ಡೆ ಕರಗಿ ಗಳು 40 ಸೆ.ಮೀ. ಹೆಚ್ಚು ಹೊರಬಂದರೆ, ಗಡ್ಡೆಯ ಸಾಂದ್ರತೆ ಘನ ಮೀಟರಿಗೆ 900 ಕೆ.ಜಿ. (ನೀರಿನದು 1000) ಹಿಡಿದು, ಹೋದದ್ದು 36 ಸೆ.ಮೀ. ನೀರಿಗೆ ಸಮ.

ಉತ್ತರ (ಕುಂಬಳೆ): ಸೇರಿಸುತ್ತೇನೆ: ತೆಳು ಧೂಳು ಬಿಸಿಲು ಹೀರಿ ಕರಗಿಸುತ್ತದೆ, ದಪ್ಪ ಕಲ್ಲುಮಣ್ಣು ಕರಗದಂತೆ ಕಾಯುತ್ತದೆ.