ಹಳೇ ಮರ ಉಳಿಸಿಕೊಂಡವರಿಗೆ ದುಡ್ಡು ಸಿಗುತ್ತಾ?

ಪ್ರಶ್ನೆ (ಕಾಫಿ ಬೆಳೆಗಾರ, ಸಕಲೇಶಪುರ ಕಡೆ): ನಮಸ್ಕಾರ ಮೇಡಂ. ನಮ್ಮದು ಹನ್ನೆರಡು ಎಕರೆ ತೋಟ. ನಂದಿ, ಮತ್ತಿ, ಅತ್ತಿ, ಹಲಸು ಎಲ್ಲ ಅಜ್ಜನ ಕಾಲದವು. ಅಕ್ಕಪಕ್ಕದವರು ಇಂಥ ಮರ ಕಡಿದು ಸಿಲ್ವರ್ ಓಕ್ ಹಾಕುತ್ತಿದ್ದಾರೆ, ನನಗೂ ಅದೇ ಯೋಚನೆ. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಚೆನ್ನಾಗಿ ಹತ್ತುತ್ತದೆ, ಕಡಿಯೋಕೆ ಪರ್ಮಿಷನ್ ತಾಪತ್ರಯವೂ ಇಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಕಾಡು ಉಳಿಸಿಕೊಂಡವರಿಗೆ ಸರ್ಕಾರವೇ ದುಡ್ಡು ಕೊಡುತ್ತದಂತೆ. ನಿಜನಾ? ಎಲ್ಲಿಂದ ತರುತ್ತಾರೆ?

ಉತ್ತರ (ಅರಣ್ಯ ಅರ್ಥಶಾಸ್ತ್ರ ಸಂಶೋಧಕಿ): ನಿಜ. 1996ರ ಅವರ ಅರಣ್ಯ ಕಾಯ್ದೆ ಕಾಡಿನಿಂದ ಎಲ್ಲರಿಗೂ ನಾಲ್ಕು ಉಪಕಾರ ಇದೆ ಅಂತ ಬರೆದೇ ಹೇಳಿತು: ಇಂಗಾಲ ಹಿಡಿದಿಡುತ್ತದೆ, ನೀರು ಕಾಯುತ್ತದೆ, ಜೀವಿಗಳಿಗೆ ನೆಲೆ ಕೊಡುತ್ತದೆ, ನೋಡೋಕೆ ಚೆಂದ. ಮರುವರ್ಷದಿಂದಲೇ ಜಮೀನಿನವರಿಗೆ ಹಣ ಬರತೊಡಗಿತು. ಕೊಡುವುದು ಫೋನಾಫಿಫೋ ಎಂಬ ಸರ್ಕಾರಿ ನಿಧಿ. ಹಣದ ದೊಡ್ಡ ಪಾಲು ಪೆಟ್ರೋಲ್, ಡೀಸೆಲ್ ತೆರಿಗೆಯದು. 2001ರಲ್ಲಿ ಆ ತೆರಿಗೆಯ 3.5% ಇದಕ್ಕೇ ಮೀಸಲಿಟ್ಟರು. ಗಾಡಿ ಓಡಿಸುವವರು ಕಾಡು ಕಾಯುವವರಿಗೆ ಕೊಟ್ಟ ಹಾಗೆ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಪ್ರಶ್ನೆ (ಅದೇ ಬೆಳೆಗಾರ): ಹಾಗಾದರೆ ದುಡ್ಡಿನಿಂದಲೇ ಅಲ್ಲಿ ಕಾಡು ಉಳೀತು ಅನ್ನಬಹುದಾ?

ಉತ್ತರ: ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 1980ರ ದಶಕದಲ್ಲಿ ದೇಶದ ಕಾಲು ಭಾಗದಷ್ಟಕ್ಕೆ ಇಳಿದಿದ್ದ ಕಾಡು ಈಗ ಅರ್ಧಕ್ಕಿಂತ ಜಾಸ್ತಿ ಇದೆ. ಆದರೆ ಅದೇ ಕಾಯ್ದೆ ಕಾಡು ಕಡಿದು ಬೇರೆ ಬಳಕೆಗೆ ತರುವುದನ್ನೂ ನಿಷೇಧಿಸಿತ್ತು. ದನ ಸಾಕಣೆಯ ಲಾಭ ಕುಸಿದು ಎಷ್ಟೋ ಹುಲ್ಲುಗಾವಲು ಆಗಲೇ ಪಾಳು ಬಿದ್ದು ಕಾಡಾಗುತ್ತಿತ್ತು. ಮೊದಮೊದಲು ಹಣ ಹೋಗಿದ್ದು ಹೆಚ್ಚಾಗಿ ಕಡಿದಾದ ಇಳಿಜಾರಿನ, ಯಾರೂ ಹೇಗೂ ಕೊಡಲಿ ಹಾಕದ ಕಾಡಿಗೆ. ಇದು ಗೊತ್ತಾದ ಮೇಲೆ ಪ್ರಾಣಿಗಳು ಓಡಾಡುವ ದಾರಿ, ನೀರಿನ ಮೂಲ, ಬುಡಕಟ್ಟು ಜನರ ಜಮೀನಿಗೆ ಆದ್ಯತೆ ಕೊಟ್ಟರು. ಕಡಿಯೋ ಯೋಚನೆಯಲ್ಲಿ ಇರುವವರ ಕೈಗೆ ಹಣ ತಲುಪಬೇಕು. ನಿಮ್ಮಂಥವರಿಗೆ.

ಪ್ರಶ್ನೆ (ಇನ್ನೊಬ್ಬ ಬೆಳೆಗಾರ್ತಿ, ಮೂಡಿಗೆರೆ): ಅಲ್ಲಿ ತೋಟದ ಮರಕ್ಕೂ ಕೊಡ್ತಾರಾ ಅಕ್ಕಾ? ನಮ್ಮಲ್ಲಿ ಏನೂ ಇಲ್ವಾ?

ಉತ್ತರ: 2003ರಿಂದ ಬೆಳೆಯ ಜೊತೆ ನೆಡುವ ಮರಕ್ಕೂ ಕೊಡುತ್ತಾರೆ, ಒಂದೊಂದು ಮರದ ಲೆಕ್ಕದಲ್ಲಿ. ನಮ್ಮಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಅರಣ್ಯ ಇಲಾಖೆ ನರ್ಸರಿಯಿಂದ ತಂದು ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷ ಹಣ ಬರುತ್ತದೆ. ಅಜ್ಜ ಉಳಿಸಿದ ಅತ್ತಿ ಮರಕ್ಕೆ ಅದರಲ್ಲಿ ಬಿಡಿಗಾಸೂ ಇಲ್ಲ. ಮಂಗಟ್ಟೆ ಹಕ್ಕಿ ಹಣ್ಣು ತಿನ್ನೋಕೆ ಬರುವುದು ಆ ಮರಕ್ಕೆ, ಸಸಿಗಲ್ಲ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಸಕಲೇಶಪುರದವರೇ, ಸದ್ಯ ಆ ಮರಗಳನ್ನು ಕಡಿಯಬೇಡಿ. ನೆರಳು ಜಾಸ್ತಿಯಾದರೆ ಮರಗಸಿ ಮಾಡಿಸಿ, ಅಂದರೆ ಕೊಂಬೆ ಸವರಿಸಿ, ಸಾಕು. ರೋಬಸ್ಟಾ ಕಾಫಿ ಇದ್ದರಂತೂ ಹೆಜ್ಜೇನು ಕಟ್ಟುವ ಮರ ಕಡಿಯಲೇಬೇಡಿ. ಜೇನು ಬಂದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಮರದ ಹೆಸರು, ಎದೆ ಮಟ್ಟದ ಸುತ್ತಳತೆ ಬರೆದಿಡಿ. ಮುಂದೆ ಹಳೇ ಮರಕ್ಕೆ ಹಣ ಕೊಡುವ ಯೋಜನೆ ಬಂದರೆ ಈ ಲೆಕ್ಕ ಕೆಲಸಕ್ಕೆ ಬರಬಹುದು. ಅಳೆಯುವುದು ಹೇಗೆ ಅಂತ ಗೊತ್ತಾಗದಿದ್ದರೆ ಇಲ್ಲೇ ಕೇಳಿ, ಹೇಳಿಕೊಡುತ್ತೇನೆ.