ಬಿಪಿ ಮಾತ್ರೆ ಆರಂಭವಾದ ಮೇಲೆ ಎದೆಯುರಿ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಆರಂಭಿಸಿದ ನಂತರ ರಾತ್ರಿ ಮಲಗಿದೊಡನೆ ಎದೆಯುರಿ ಮತ್ತು ಹುಳಿತೇಗು ಕಾಣಿಸಿಕೊಳ್ಳುತ್ತಿವೆ. ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ ನೋಡಬಹುದೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ತಾಯಿಯವರಿಗೂ ಹೀಗೆಯೇ ಆಗಿತ್ತು. ಈ ಮಾತ್ರೆಯು ರಕ್ತನಾಳಗಳನ್ನು ಸಡಿಲಿಸುವಂತೆಯೇ, ಅನ್ನನಾಳದ ಕೆಳತುದಿಯನ್ನು ಬಿಗಿಹಿಡಿದಿರುವ ಸ್ನಾಯುವನ್ನೂ ಕೆಲವರಲ್ಲಿ ಸಡಿಲಗೊಳಿಸುವುದರಿಂದ ಜಠರದ ಆಮ್ಲ ಮೇಲಕ್ಕೆ ಬರುತ್ತದೆ ಎಂದು ವೈದ್ಯರು ವಿವರಿಸಿದರು. ಮನೆಯಲ್ಲಿ ಬರೆದಿಟ್ಟಿದ್ದ ಬಿಪಿ ಅಳತೆಗಳನ್ನು ನೋಡಿ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತಿಳಿಸುವ ಅಂಶ) ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಟೆಲ್ಮಿಸಾರ್ಟನ್ ಎಂಬ ಬೇರೆ ಬಿಪಿ ಮಾತ್ರೆಗೆ ಬದಲಾಯಿಸಿದರು. ಅದು ಎಲ್ಲರಿಗೂ ಹೊಂದುತ್ತದೆಯೆಂದು ನಾನು ಹೇಳಲಾರೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಸುಮಾರು 6 ಇಂಚು ಎತ್ತರಿಸಿದ್ದು ಬಹಳ ಉಪಯೋಗಕ್ಕೆ ಬಂತು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕುತ್ತಿಗೆ ಬಾಗಿ, ಹೊಟ್ಟೆ ಮಡಚಿ, ಉರಿ ಹೆಚ್ಚುತ್ತಿತ್ತು. ಊಟಕ್ಕೂ ನಿದ್ದೆಗೂ ನಡುವೆ 3 ಗಂಟೆಯ ಅಂತರವಿರಬೇಕು, ಧಾರಾವಾಹಿ ಮುಗಿಯದೆ ತಟ್ಟೆ ಹಾಕದ ಮನೆಗಳಲ್ಲಿ ಇದೇ ದೊಡ್ಡ ಕಷ್ಟ.

ಇನ್ನೊಂದು ಉತ್ತರ: ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಬರುವ ಉರಿ, ಬೆವರು, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮತ್ತೊಂದು ಉತ್ತರ: ಔಷಧದಂಗಡಿಯಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು. ನೀರಿಗೆ ಹಾಕಿದೊಡನೆ ನೊರೆಯುಕ್ಕುವ ಸೋಡಾ ಪುಡಿಯನ್ನು ಬಿಪಿ ಇರುವವರು ದಿನವೂ ಕುಡಿಯಬಾರದು. ಒಂದು ಗ್ರಾಂ ಅಡುಗೆ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನದ ಮಿತಿಯೇ 2000 ಮಿಲಿಗ್ರಾಂ, ಅದರಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಪಾಲು ಬೇರೆ. ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟಿದ್ದರೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ. ಆದರೆ ಚೀಟಿಯಿಲ್ಲದೆ ವರ್ಷಗಟ್ಟಲೆ ಮುಂದುವರಿಸಬೇಡಿ, ಏಕೆಂದರೆ ಕ್ಲೋರ್ಥಾಲಿಡೋನ್‌ನಂತಹ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ಜೊತೆಗಿದ್ದರೆ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯುವ ಸಂಭವವಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಮಂಡಿನೋವಿಗೆ ಆಗಾಗ ಡೈಕ್ಲೋಫೆನಾಕ್ ನುಂಗುತ್ತೇನೆ, ಅದನ್ನೂ ವೈದ್ಯರಿಗೆ ಹೇಳಬೇಕೇ?

ಔಷಧದಂಗಡಿಯವರು: ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿ ಸರ್. ಅದು ಜಠರದ ಒಳಪದರವನ್ನು ಕೆಡಿಸುವುದಲ್ಲದೆ ರಕ್ತದೊತ್ತಡವನ್ನೂ ಏರಿಸುತ್ತದೆ.