ವಯಸ್ಸಾದ ತಂದೆತಾಯಿಯೊಡನೆ ಯೂಟಾದ ಕಮರಿಗಳ ಮೇಲಿನ ರಸ್ತೆಗಳು: ಯಾವುದನ್ನು ಆರಿಸಿಕೊಳ್ಳಲಿ?

ಬಳ್ಳಾರಿಯವ (ಫೀನಿಕ್ಸ್):
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ತಿಂಗಳಿನಲ್ಲಿ ಊರಿನಿಂದ ಬರಲಿರುವ ನಮ್ಮ ತಂದೆತಾಯಿಯನ್ನು ನಾಲ್ಕು ದಿನಗಳ ಮಟ್ಟಿಗೆ ಯೂಟಾದ ಕೆಂಪು ಕಲ್ಲಿನ ಸೀಮೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ತಂದೆಯವರಿಗೆ ಮಂಡಿನೋವು ಇರುವುದರಿಂದ ಹೆಚ್ಚು ನಡೆಯಲಾರರು. ತಾಯಿಯವರಿಗೆ ಪ್ರಪಾತದ ಅಂಚಿನ ರಸ್ತೆಯೆಂದರೆ ಭಯ. ಆದರೂ ಗಂಡಿಕೋಟದಲ್ಲಿ ಪೆನ್ನೆಯ ಕಮರಿಯನ್ನು ನೋಡಿ ಬಂದಂದಿನಿಂದ ತಂದೆಯವರು ಇದಕ್ಕಿಂತ ದೊಡ್ಡದನ್ನು ಒಮ್ಮೆ ನೋಡಬೇಕೆನ್ನುತ್ತಲೇ ಇದ್ದಾರೆ. ಮೋಆಬ್ ಊರಿನ ಬಳಿಯ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ, ಯೂಟಾದ 12ನೇ ಹೆದ್ದಾರಿ, ಇವೆರಡರಲ್ಲಿ ನಮಗೆ ಯಾವುದು ತಕ್ಕದ್ದು? ನಮ್ಮದು ಸಾಮಾನ್ಯ ಸೆಡಾನ್ ಕಾರು.

ಹೆದ್ದಾರಿ ಪ್ರಿಯ (ಡೆನ್ವರ್):
ಕ್ಯಾನ್ಯನ್‌ಲ್ಯಾಂಡ್ಸ್‌ನ ‘ಐಲ್ಯಾಂಡ್ ಇನ್ ದ ಸ್ಕೈ’ ಭಾಗಕ್ಕೇ ಹೋಗಿ. ಕೊಲರಾಡೊ ಮತ್ತು ಗ್ರೀನ್ ನದಿಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರದಲ್ಲಿ ಚಾಚಿಕೊಂಡಿರುವ ಈ ಮೇಜಿನಂಥ ಭೂಮಿಯ ನೆತ್ತಿಯ ಮೇಲೆಯೇ ಡಾಂಬರು ರಸ್ತೆ ಸಾಗುತ್ತದೆ. ‘ನೆಕ್’ ಎಂಬ, ಸುಮಾರು 40 ಅಡಿಯಷ್ಟೇ ಅಗಲವಾದ ಕಿರುದಾರಿಯೊಂದನ್ನು ಬಿಟ್ಟರೆ ಉಳಿದ ದಾರಿ ಬಹುಮಟ್ಟಿಗೆ ಹುಲ್ಲು ಮತ್ತು ಜೂನಿಪರ್ ಗಿಡಗಳ ನಡುವೆ ಹಾಯುವುದರಿಂದ ತಾಯಿಯವರು ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು.

ಗ್ರ್ಯಾಂಡ್ ವ್ಯೂ ಪಾಯಿಂಟ್‌ನಲ್ಲಿ ಕಾರು ನಿಲ್ಲಿಸಿದ ಜಾಗದಿಂದ ಕೆಲವೇ ಹೆಜ್ಜೆ ನಡೆದರೆ ಸಾಕು. ಅಲ್ಲಿಂದ 1,200 ಅಡಿ ಕೆಳಗೆ ‘ವೈಟ್ ರಿಮ್’ ಎಂಬ ಬಿಳಿ ಮರಳುಗಲ್ಲಿನ ಜಗಲಿ ಕಾಣುತ್ತದೆ. ನದಿಗಳು ಅದಕ್ಕಿಂತಲೂ ಸುಮಾರು 1,000 ಅಡಿ ಕೆಳಗಿವೆ. ಗಟ್ಟಿಯಾದ ಬಿಳಿಕಲ್ಲು ಮುಚ್ಚಳದಂತೆ ಉಳಿದು, ಅದರಡಿಯ ಮೆದು ಕಲ್ಲು ಸವೆದು ಹೋದದ್ದರಿಂದ ಈ ಮೆಟ್ಟಿಲುಗಳು ಮೂಡಿವೆ. ಆದರೆ ಅಲ್ಲಿ ಕಮರಿ ಕಂಡಷ್ಟು ಸ್ಪಷ್ಟವಾಗಿ ನೀರು ಕಾಣುವುದಿಲ್ಲ. ತಂದೆಯವರಿಗೆ ನದಿಯೇ ಕಾಣಬೇಕಾದರೆ ಮೋಆಬ್ ಕಡೆಯಿಂದ ಮೇಲೇರುವ 313ನೇ ರಸ್ತೆಯ ಕವಲಿನಲ್ಲಿ ತಿರುಗಿ ಡೆಡ್ ಹಾರ್ಸ್ ಪಾಯಿಂಟ್‌ಗೆ ಹೋಗಿ. ಅಲ್ಲಿ 2,000 ಅಡಿ ಕೆಳಗೆ ಕೊಲರಾಡೊ ನದಿ ಬಳಸಿಕೊಂಡು ಹರಿಯುವುದು ಪೂರ್ತಿಯಾಗಿ ಕಾಣುತ್ತದೆ. ಊಟ, ಪೆಟ್ರೋಲು ಮೇಲೆ ಸಿಗುವುದಿಲ್ಲವಾದ್ದರಿಂದ ಮೋಆಬ್‌ನಲ್ಲಿಯೇ ಎಲ್ಲವನ್ನೂ ಹೊಂದಿಸಿಕೊಳ್ಳಿ, ನೀರನ್ನಂತೂ ಧಾರಾಳವಾಗಿ ಒಯ್ಯಿರಿ.

ಅಲೆಮಾರಿ (ಸಾಲ್ಟ್ ಲೇಕ್ ಸಿಟಿ):
12ನೇ ಹೆದ್ದಾರಿ ನನಗೆ ಇನ್ನೂ ಪ್ರಿಯವಾದದ್ದು. ಆದರೆ ಎಸ್ಕಲಾಂಟೆ ಮತ್ತು ಬೋಲ್ಡರ್ ಊರುಗಳ ನಡುವಿನ ‘ಹಾಗ್‌ಬ್ಯಾಕ್’ ಎಂಬಲ್ಲಿ ರಸ್ತೆಯ ಎರಡೂ ಮಗ್ಗುಲಲ್ಲಿ ನೆಲ ಕಡಿದಾಗಿ ಇಳಿಯುವುದರಿಂದ ನಿಮ್ಮ ತಾಯಿಯವರನ್ನು ಅಲ್ಲಿಗೆ ಕರೆದೊಯ್ಯಿರಿ ಎನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಎಚ್ಚರಿಕೆ: ಮಾನ್ಯುಮೆಂಟ್ ವ್ಯಾಲಿಯ ಮೇಲಿಂದ ಬರುವುದಾದರೆ ಫೋನಿನ ನಕ್ಷೆ 261ನೇ ರಸ್ತೆಯನ್ನು ತೋರಿಸೀತು. ಅದರಲ್ಲಿ ಮೋಕಿ ಡಗ್‌ವೇ ಎಂಬ ಸುಮಾರು 3 ಮೈಲಿಯ ಜಲ್ಲಿಕಲ್ಲಿನ ಘಾಟಿಯಿದೆ. 1950ರ ದಶಕದಲ್ಲಿ ಯುರೇನಿಯಂ ಅದಿರು ಸಾಗಿಸಲೆಂದು ಮಾಡಿದ ಆ ದಾರಿಯನ್ನು ಬಿಟ್ಟು, ಬ್ಲಫ್ ಮೂಲಕ 191ನೇ ಹೆದ್ದಾರಿಯನ್ನು ಹಿಡಿಯಿರಿ. ಅದಕ್ಕೆ ಮೊದಲು, ಮೆಕ್ಸಿಕನ್ ಹ್ಯಾಟ್ ಊರಿನ ಹತ್ತಿರದ ಗೂಸ್‌ನೆಕ್ಸ್ ಅನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿಯವರೆಗೂ ಡಾಂಬರಿದೆ, ಕಾರು ಅಂಚಿನ ಸಮೀಪಕ್ಕೇ ಹೋಗುತ್ತದೆ. ಬಯಲಿನಲ್ಲಿ ಅಂಕುಡೊಂಕಾಗಿ ಹರಿಯುತ್ತಿದ್ದ ಸ್ಯಾನ್ ವಾನ್ ನದಿಯು ನೆಲ ಮೇಲೇಳುತ್ತ ಹೋದಂತೆ ಅದೇ ತಿರುವುಗಳಲ್ಲಿ ಕೆಳಕ್ಕೆ ಕೊರೆಯುತ್ತ 1,000 ಅಡಿ ಇಳಿದಿದೆ. ಒಂದೂವರೆ ಮೈಲಿ ಮುಂದೆ ಸಾಗಲು 6 ಮೈಲಿ ಸುತ್ತುತ್ತದೆ.

ಬಳ್ಳಾರಿಯವ (ಫೀನಿಕ್ಸ್):
ಇಬ್ಬರಿಗೂ ಕೃತಜ್ಞತೆಗಳು. ಗೂಸ್‌ನೆಕ್ಸ್ ಮೂಲಕ ಮೋಆಬ್‌ಗೆ ಹೋಗುವುದೆಂದು ನಿಶ್ಚಯಿಸಿದೆವು. ಡೆಡ್ ಹಾರ್ಸ್ ಪಾಯಿಂಟ್‌ಗೆ ಯಾವ ಹೊತ್ತು ಒಳ್ಳೆಯದು?

ಹೆದ್ದಾರಿ ಪ್ರಿಯ (ಡೆನ್ವರ್):
ನಡುಹಗಲಿನ ಬಿಸಿಲಿನಲ್ಲಿ ಕಲ್ಲಿನ ಪದರಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ, ಮೇಲೆ ಗಾಳಿಯಿರುವುದರಿಂದ ಹಿರಿಯರಿಗೆ ಶಾಲು ಇರಲಿ. ಅಕ್ಟೋಬರಿನಲ್ಲಿ ಯೂಟಾದ ಗಡಿಯಾರ ನಿಮ್ಮ ಫೀನಿಕ್ಸ್‌ನದಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಂಡು ಹೊರಡಿ.